ಸೀಲು ಬಿದ್ದ ಕುರ್ಚಿ

"ಎಡಕ್ಕೆ… ಇನ್ನೂ ಸ್ವಲ್ಪ ಎಡಕ್ಕೆ. ನಿಧಾನ. ಅಳಿಯನ ಕಾಲಿಗೆ ತಗಲುತ್ತೆ."

ಪೆಟ್ಟಿಗೆಯ ತಲೆಯ ಕಡೆ ಹಿಡಿದಿದ್ದ ಔಷಧಿ ಅಂಗಡಿಯವನು ಬಾಗಿಲ ಒಳಗೆ ಒಂದು ಹೆಜ್ಜೆ ಇಟ್ಟು ಅಲ್ಲೇ ನಿಂತ. ಕಾಲಿನ ಕಡೆಯವರು ಇನ್ನೂ ಹೊರಗೆ ಮೆಟ್ಟಿಲ ಮೇಲಿದ್ದರು. ನಡುವೆ ಹಿಡಿದಿದ್ದ ಮನೆಯ ಅಳಿಯ ತನ್ನ ಪಾದ ನೋಡಿಕೊಂಡ.

"ನನಗೇನೂ ತಗಲಲ್ಲ, ನಡೀರಿ."

"ನಿಮಗಲ್ಲ ಸ್ವಾಮಿ. ಆ ಅಳಿಯನಿಗೆ," ಎಂದ ಔಷಧಿ ಅಂಗಡಿಯವನು, ಗದ್ದದಿಂದ ಪಕ್ಕಕ್ಕೆ ತೋರಿಸಿ.

ಬಾಗಿಲಿನ ಬಲಕ್ಕೆ, ಸ್ವಿಚ್ ಬೋರ್ಡಿನ ಪಕ್ಕದಲ್ಲಿ, ದಪ್ಪ ಪ್ಲಾಸ್ಟಿಕ್ ಹೊದ್ದ ದೊಡ್ಡ ಕುರ್ಚಿಯೊಂದಿತ್ತು. ಬೆನ್ನಿಗೂ ತೋಳಿಗೂ ಸೇರಿಸಿ ತಂತಿ ಬಿಗಿದಿತ್ತು. ತಂತಿಯ ಎರಡು ತುದಿ ಸೇರುವಲ್ಲಿ ಅಂಗಿಯ ಗುಂಡಿಯಷ್ಟು ದೊಡ್ಡ ಸೀಸದ ಮುದ್ರೆ. ಪಾದ ಇಡುವ ಹಲಗೆ ಮುಂದಕ್ಕೆ ಒಂದು ಮೊಳ ಚಾಚಿಕೊಂಡು ಬಾಗಿಲ ದಾರಿಯನ್ನು ಅರ್ಧ ಕಟ್ಟಿತ್ತು.

"ಒಂದು ಗಳಿಗೆ ಇದನ್ನ ಆಚೆ ಇಟ್ಟರಾಗಲ್ವಾ?" ಮೆಟ್ಟಿಲ ಮೇಲಿದ್ದವರೊಬ್ಬರು ಕೇಳಿದರು.

"ಸರಿಸೋ ಹಾಗಿಲ್ಲ," ಎಂದಳು ಒಳಗಿನಿಂದ ಹೆಂಡತಿ. ಅಂದ ಮೇಲೆ ಅವಳಿಗೇ ಗೊತ್ತಾಯಿತು, ಅದು ಅವಳ ಮಾತಲ್ಲ, ಪೆಟ್ಟಿಗೆಯಲ್ಲಿ ಮಲಗಿದ ಗಂಡನ ಮಾತು.

ಪೆಟ್ಟಿಗೆಯನ್ನು ಓರೆ ಮಾಡಿದರು. ಪೇಟೆಯವರೆಲ್ಲ ಕುರ್ಚಿಯಣ್ಣ ಎನ್ನುತ್ತಿದ್ದ ಅವನು, ಬದುಕಿದ್ದಾಗ ದಿನವೂ ಆ ಕುರ್ಚಿಯನ್ನು ಸುತ್ತುಬಳಸಿ ಒಳಗೆ ಬರುತ್ತಿದ್ದವನು, ಇವತ್ತೂ ಹಾಗೆಯೇ ಬಂದ. ನಡುಮನೆಯ ಆ ತುದಿಯಲ್ಲಿ, ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಅವನನ್ನು ಇಳಿಸಿದರು. ಸ್ಮಶಾನಕ್ಕೆ ಒಯ್ಯುವ ವ್ಯಾನು ಮಧ್ಯಾಹ್ನ ಬರುವುದಿತ್ತು.

ಜನ ಬರತೊಡಗಿದ ಮೇಲೆ ಇನ್ನೊಂದು ತೊಡಕು. ಕೂರಲು ಜಾಗವಿಲ್ಲ. ಮನೆಯಲ್ಲಿದ್ದದ್ದು ಒಂದು ತಗ್ಗು ಸೋಫಾ, ಎರಡು ಸ್ಟೂಲು.

"ಹೇಳಿದ್ರೆ ನಗ್ತಾರೆ," ಎಂದ ಔಷಧಿ ಅಂಗಡಿಯವನು ಬೆವರು ಒರೆಸಿಕೊಳ್ಳುತ್ತ. "ಇಡೀ ಪೇಟೆಗೆ ಕುರ್ಚಿ ಮಾರಿದವನ ಮನೇಲಿ ಕೂರೋಕೆ ಒಂದು ಕುರ್ಚಿ ಇಲ್ಲ."

"ಇದೆಯಲ್ಲ," ಎಂದಳು ಮಗಳು, ಬಾಗಿಲ ಕಡೆ ನೋಡದೆ. "ಮನೆ ಅಳಿಯ. ದುಡಿಯಲ್ಲ, ಜಾಗ ಬಿಡಲ್ಲ, ಯಾರೂ ಏನೂ ಅನ್ನೋ ಹಾಗಿಲ್ಲ."

ಆ ಹೆಸರು ಇಟ್ಟವನು ಕುರ್ಚಿಯಣ್ಣನೇ. ಮಗಳ ಮದುವೆಯಾದಾಗ ನಿಜವಾದ ಅಳಿಯನಿಗೆ ಅದನ್ನು ವಿವರಿಸಿ ಹೇಳಬೇಕಾಗಿ ಬಂದು, ಎಲ್ಲರೂ ಹೊಟ್ಟೆ ಹಿಡಿದು ನಕ್ಕಿದ್ದರು. ಇವತ್ತು ಯಾರೂ ನಗಲಿಲ್ಲ. ಔಷಧಿ ಅಂಗಡಿಯವನು ಪಕ್ಕದ ಅಂಗಡಿಗಳಿಂದ ಕುರ್ಚಿ ತರಿಸಲು ಹೊರಟ.

*

ಪೇಟೆಯ ಹಿಂದಿನ ಬೀದಿಯಲ್ಲಿ ಅವನ ಅಂಗಡಿ ಇತ್ತು. ಊರುಗೋಲು, ವಾಕರು, ಗಾಲಿ ಕುರ್ಚಿ, ಕಾಯಿಲೆಯವರು ಕೂತು ಸ್ನಾನ ಮಾಡುವ ಸ್ಟೂಲು. ಯಾರೂ ಖುಷಿಯಿಂದ ಮೆಟ್ಟಿಲು ಹತ್ತುವ ಅಂಗಡಿಯಲ್ಲ. ಬಂದವರ ಮುಂದೆ ಕುರ್ಚಿಯಣ್ಣ ತಾನೇ ಮಂಡಿಯೂರಿ ಕೂತು ಊರುಗೋಲಿನ ಎತ್ತರ ಸರಿಮಾಡಿ, ನಾಲ್ಕು ಹೆಜ್ಜೆ ನಡೆಸಿ ನೋಡಿ, ಆಮೇಲೆ ಬೆಲೆ ಹೇಳುತ್ತಿದ್ದ.

"ಗಿರಾಕಿ ಮತ್ತೆ ಬರಬಾರದು ಅಂತ ಹಾರೈಸೋ ವ್ಯಾಪಾರ ನನ್ನದೊಂದೇ," ಎನ್ನುತ್ತಿದ್ದ.

"ನನ್ನದೂ ಹಾಗೇ ಅಲ್ವೇನಯ್ಯಾ," ಎನ್ನುತ್ತಿದ್ದ ಪಕ್ಕದ ಔಷಧಿ ಅಂಗಡಿಯವನು.

"ನಿನ್ನದು ಹಾಗಲ್ಲ ಬಿಡು."

ಒಮ್ಮೆ ಯಾರೋ ಹೊರದೇಶದ ಕಂಪನಿಯೊಂದರ ಸರಕಿನ ಚಿತ್ರಪುಸ್ತಕ ತಂದುಕೊಟ್ಟರು. ಅದರಲ್ಲಿ ಒಂದು ಕುರ್ಚಿ ಇತ್ತು. ಕೂತು ಗುಂಡಿ ಒತ್ತಿದರೆ ಅದು ಹಿಂದಿನಿಂದ ಮೆಲ್ಲಗೆ ಮೇಲೇಳುತ್ತಿತ್ತು, ಮುಂದಕ್ಕೆ ಬಾಗುತ್ತಿತ್ತು, ಕೂತವರ ಪಾದ ನೆಲಕ್ಕೆ ತಾಗಿ ಅವರು ತಾವಾಗಿ ನಿಂತಿರುತ್ತಿದ್ದರು. ಯಾರ ಕೈಯೂ ಬೇಡ. ಆ ಪುಟವನ್ನು ಅವನು ಹೆಂಡತಿಗೆ ತೋರಿಸಿ ಹೇಳಿದ್ದು ಒಂದೇ ಮಾತು: "ಅಕ್ಕನಿಗೆ."

ಅವನ ಅಕ್ಕ ಬೇರೆ ಊರಿನಲ್ಲಿದ್ದಳು. ತಾಯಿ ಹೋದ ಮೇಲೆ ಇವನನ್ನು ಸಾಕಿದವಳು. ನಡು ವಯಸ್ಸಿಗೇ ಸೊಂಟ ಹಿಡಿದು, ಕೂತರೆ ಏಳಲು ಇಬ್ಬರು ಬೇಕಾಗುತ್ತಿತ್ತು. "ನಿನ್ನನ್ನ ಸೊಂಟದ ಮೇಲೆ ಹೊತ್ಕೊಂಡು ತಿರುಗಿ ತಿರುಗಿ ಸೊಂಟ ಹೋಯ್ತು ಕಣೋ," ಎಂದು ಅವಳು ನಗೆಯಾಡುತ್ತಿದ್ದಳು. ಅವನು ಅದನ್ನು ನಗೆಯೆಂದು ತೆಗೆದುಕೊಳ್ಳಲೇ ಇಲ್ಲ. ಹೊಸ ಸೋಫಾ ಮಾಡಿಸಿಕೊಡುತ್ತೇನೆಂದು ಸುಳ್ಳು ಹೇಳಿ, ಟೇಪು ಹಿಡಿದು ಅವಳ ಅಳತೆ ತೆಗೆದುಕೊಂಡು ಬಂದ. ಒಂದು ಡಜನ್ ಕುರ್ಚಿ ತರಿಸಿದ. ಅದರಲ್ಲಿ ಒಂದು ಮಾತ್ರ ಅಗಲದ್ದು.

ಬಂದರಿನ ಸುಂಕದ ಶೆಡ್ಡಿನಲ್ಲಿ ಪೆಟ್ಟಿಗೆಗಳನ್ನು ಒಡೆದು ನೋಡಿದ ಅಧಿಕಾರಿ ಆಗಿನ್ನೂ ಹೊಸಬರು.

"ಏನಿದು?"

"ಎಬ್ಬಿಸಿ ನಿಲ್ಲಿಸೋ ಸಾಧನ, ಸಾರ್. ಏಳೋಕಾಗದವರಿಗೆ."

"ಕುರ್ಚಿ ತರ ಕಾಣುತ್ತೆ."

"ಏಳಬೇಕಾದ್ರೆ ಮೊದಲು ಕೂತಿರಬೇಕಲ್ಲ ಸಾರ್."

"ಸರಿ. ತೋರಿಸಿ."

ಅಲ್ಲೇ ಎಡವಟ್ಟಾಯಿತು. ಕುರ್ಚಿಯ ಪ್ಲಗ್ಗಿಗೆ ಚಪ್ಪಟೆ ಕಡ್ಡಿಗಳು, ಶೆಡ್ಡಿನ ಗೋಡೆಯಲ್ಲಿ ದುಂಡನೆಯ ತೂತುಗಳು. ಕುರ್ಚಿಯಣ್ಣ ಒಂದು ಶೆಡ್ಡಿನಿಂದ ಇನ್ನೊಂದಕ್ಕೆ ಓಡಿ ಅಡಾಪ್ಟರ್ ಕೇಳಿದ. ಯಾರಲ್ಲೂ ಇರಲಿಲ್ಲ. ಹಿಂದೆ ಲಾರಿಗಳು ಹಾರನ್ನು ಹೊಡೆಯುತ್ತಿದ್ದವು. ಕರೆಂಟಿಲ್ಲದೆ ನಿಂತ ಕುರ್ಚಿ ಎಲ್ಲ ಕುರ್ಚಿಗಳ ಹಾಗೆಯೇ ಇತ್ತು: ಮೆತ್ತೆ, ಬೆನ್ನು, ಎರಡು ತೋಳು.

"ನಾನು ಕಂಡದ್ದನ್ನ ಬರೀಬೇಕು, ನೀವು ಹೇಳಿದ್ದನ್ನಲ್ಲ," ಎಂದು ಅಧಿಕಾರಿ 'ಪೀಠೋಪಕರಣ' ಎಂದು ಬರೆದರು. ಕಾಯಿಲೆಯವರ ಸಾಧನಕ್ಕೆ ಸುಂಕ ಇಲ್ಲವೆನ್ನುವಷ್ಟು ಕಡಿಮೆ. ಪೀಠೋಪಕರಣಕ್ಕೆ ಮಾಲಿನ ಅರ್ಧ ಬೆಲೆ ಅಲ್ಲಿಗೇ ಹೋಗುತ್ತದೆ. ಕುರ್ಚಿಯಣ್ಣ ಒಪ್ಪಲಿಲ್ಲ, ಮೇಲ್ಮನವಿ ಹಾಕುತ್ತೇನೆಂದ. ಹಾಗಾದರೆ ಮನೆಯ ಪತ್ರ ಜಾಮೀನು ಇಟ್ಟು ಮಾಲು ಬಿಡಿಸಿಕೊಳ್ಳಬೇಕು, ಒಂದು ಕುರ್ಚಿಗೆ ಸೀಲು ಹಾಕಿ ಮಾದರಿಯಾಗಿ ಕಾದಿರಿಸಬೇಕು. ನಾಳೆ ಯಾರು ನೋಡಬೇಕಾದರೂ ಸೀಲಿದ್ದದ್ದನ್ನೇ ನೋಡುವುದು, ಬೇರೆಯದನ್ನು ತೋರಿಸಿದರೆ ನಡೆಯದು. ಕಚೇರಿಯ ಉಗ್ರಾಣದಲ್ಲಿ ಬೆಕ್ಕು ಮಲಗುವಷ್ಟೂ ಜಾಗವಿಲ್ಲದ್ದರಿಂದ ಅದನ್ನು ಅವನ ವಶದಲ್ಲೇ ಬಿಡುವುದೆಂದಾಯಿತು.

ಅಧಿಕಾರಿಯ ಬೆರಳು ಸಾಲಿನ ಮೇಲೆ ಸುಮ್ಮನೆ ಓಡಿ ಅಗಲದ ಕುರ್ಚಿಯ ಮೇಲೆ ನಿಂತಿತು.

"ಸಾರ್, ಅದೊಂದು ಬೇಡ. ಬೇರೆ ಯಾವುದಾದ್ರೂ ಹಾಕಿ."

ಅಧಿಕಾರಿ ತಲೆ ಎತ್ತಿ ಅವನನ್ನು ನೋಡಿದರು. "ಬೇಡ ಅಂದದ್ದಕ್ಕೇ ಹಾಕೋದು ನಮ್ಮಲ್ಲಿ."

ಆ ರಾತ್ರಿ ಊಟಕ್ಕೆ ಕೂತಾಗ ಅವನು ಹೆಂಡತಿಗೆ ಹೇಳಿದ: "ಬಾಯಿ ಮುಚ್ಕೊಂಡಿದ್ರೆ ಆಗ್ತಿತ್ತು ಕಣೇ." ಮರುದಿನ ಕುರ್ಚಿಯನ್ನು ಮನೆಗೆ ತಂದಿಟ್ಟು, ಒಂದು ಅಡಾಪ್ಟರ್ ಕೊಂಡುತಂದು ಬಾಗಿಲ ಪಕ್ಕದ ಸಾಕೆಟ್ಟಿಗೆ ಚುಚ್ಚಿಟ್ಟ. ತೀರ್ಪು ಬಂದ ದಿನ ತಡವಾಗಬಾರದಲ್ಲ. ಅಂದಿನಿಂದ ಆ ಸಾಕೆಟ್ಟನ್ನು ಮನೆಯಲ್ಲಿ ಬೇರೆ ಯಾವುದಕ್ಕೂ ಯಾರೂ ಬಳಸಲಿಲ್ಲ.

*

ಅಂದು ಸೀಲು ಹಾಕಿದ ಅಧಿಕಾರಿ, ಸೀಲ್ ಸಾಹೇಬರು, ಬಂದಾಗ ನಡುಮನೆ ತುಂಬಿತ್ತು. ನಿವೃತ್ತರಾಗಿ ವರ್ಷಗಳೇ ಆದರೂ ಈ ಮನೆಯವರಿಗೆ ಅವರು ಸೀಲ್ ಸಾಹೇಬರೇ. ಕೈಯಲ್ಲಿ ಹೂವು ಹಿಡಿದು ಒಳಗೆ ಕಾಲಿಟ್ಟವರು, ಪೆಟ್ಟಿಗೆಯ ಕಡೆ ಹೋಗುವ ಮೊದಲು, ತಮಗೇ ಅರಿವಿಲ್ಲದೆ ಬಾಗಿ ಕುರ್ಚಿಯ ತಂತಿಯನ್ನು ಎಳೆದು ನೋಡಿದರು.

"ಇದೆ ಸಾರ್, ಸರಿಯಾಗಿದೆ," ಎಂದಳು ಮಗಳು. ಅವಳ ದನಿ ಗಟ್ಟಿಯಾಗಿತ್ತು. "ಅಪ್ಪ ಇಲ್ಲ, ಸೀಲ್ ಇದೆ."

ಸಾಹೇಬರು ಕೈ ಹಿಂದಕ್ಕೆ ತೆಗೆದುಕೊಂಡರು. "ಅಭ್ಯಾಸ ಆಗಿಬಿಟ್ಟಿದೆ, ಮಗಳೇ." ಪೆಟ್ಟಿಗೆಯ ಹತ್ತಿರ ಹೋಗಿ ಹೂವಿಟ್ಟು ಬಹಳ ಹೊತ್ತು ನಿಂತರು. ಆಮೇಲೆ ಗೋಡೆಗೆ ಒರಗಿದರು. ಕೂರಿ ಎಂದರೆ ಬೇಡವೆಂದರು.

ವಕೀಲೆ ಬಂದದ್ದು ಕೋರ್ಟಿನ ಕರಿ ಕೋಟಿನಲ್ಲೇ. ಅವಳ ತಂದೆ ಹಿಡಿದಿದ್ದ ಕೇಸು ಈಗ ಅವಳ ಕೈಗೆ ಬಂದಿತ್ತು. ಮಗಳನ್ನೂ ಹೆಂಡತಿಯನ್ನೂ ಅಡುಗೆಮನೆಯ ಬಾಗಿಲಿಗೆ ಕರೆದು ದನಿ ತಗ್ಗಿಸಿ ಮಾತಾಡಿದಳು.

"ಇವತ್ತು ಹೇಳೋ ಮಾತಲ್ಲ, ಗೊತ್ತು. ಆದರೆ ಹೇಳದಿದ್ರೆ ತಪ್ಪಾಗುತ್ತೆ. ವಾದಿ ತೀರಿಕೊಂಡ್ರೆ ಕೇಸೂ ಅವರ ಜೊತೆ ತೀರಿಹೋಗುತ್ತೆ. ಅಮ್ಮ, ನೀವು ಮುಂದುವರಿಸ್ತೀನಿ ಅಂತ ಅರ್ಜಿ ಕೊಡಬೇಕು. ಬರೋ ತಿಂಗಳು ಕಸ್ಟಮ್ಸ್‌ನೋರು ಬಂದು ಸೀಲ್ ಬಿಚ್ಚಿ ನೋಡ್ತಾರೆ. ಅಲ್ಲೀವರೆಗೂ ಅದಕ್ಕೆ ಏನೂ ಆಗಬಾರದು. ಸೀಲ್ ಸರಿ ಇದ್ರೆ ಮನೆ ಪತ್ರ ವಾಪಸ್."

"ಸರಿ ಇಲ್ಲದಿದ್ರೆ?" ಮಗಳು ಕೇಳಿದಳು.

"ಇದು ಅದೇ ಕುರ್ಚಿ ಅಂತ ಏನು ಗ್ಯಾರಂಟಿ ಅಂತಾರೆ. ಆಗ ದೊಡ್ಡ ಕೋರ್ಟು ಏನು ಹೇಳಿದ್ರೂ ನಮಗೆ ಉಪಯೋಗ ಇಲ್ಲ. ಮನೆ ಹೋಗಬಹುದು."

ಹೆಂಡತಿ ತಲೆಯಾಡಿಸಿದಳು. ಈ ಮನೆಯ ಗೋಡೆಗೆ ಮೊಳೆ ಹೊಡೆಯುವಾಗಲೂ ಅವಳಿಗೆ, ಇದು ನಮ್ಮದೋ ಅವರದೋ, ಎನ್ನುವ ಅಳುಕು ಇಷ್ಟು ವರ್ಷ ಇದ್ದೇ ಇತ್ತು.

*

ಕೇಸು ಮಗಳ ವಯಸ್ಸಿನ ಜೊತೆ ಬೆಳೆದಿತ್ತು. ಮೊದಲ ಮೇಲ್ಮನವಿಯಲ್ಲಿ ಕುರ್ಚಿಯಣ್ಣ ಗೆದ್ದ. ಇಲಾಖೆ ಮೇಲಕ್ಕೆ ಹೋಯಿತು. ಅಷ್ಟರಲ್ಲಿ ಯಾರದೋ ಕೊಡೆಯ ಕೇಸಿನಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂತು. ಕಡಲ ತೀರದಲ್ಲಿ ನೆಡುವ ದೊಡ್ಡ ಕೊಡೆ, ಕೊಡೆಯೋ ಡೇರೆಯೋ ಎಂಬ ಜಗಳ. ಕೊಡೆಯ ಹಾಗೆ ಕಾಣುವುದು ಕೊಡೆಯೇ ಎಂದಿತು ಕೋರ್ಟು. ಕೂಡಲೇ ಕೆಳಗಿನ ನ್ಯಾಯಮಂಡಳಿಯವರು ಇವನ ಕಡತದ ಮೇಲೂ ಅದನ್ನೇ ಬರೆದರು: ಕುರ್ಚಿಯ ಹಾಗೆ ಕಾಣುವುದು ಕುರ್ಚಿಯೇ. ಇವನು ಸೋತ.

"ನನ್ನ ಕುರ್ಚಿಗೂ ಅವನ ಕೊಡೆಗೂ ಏನಯ್ಯಾ ಸಂಬಂಧ?" ಎಂದು ವಾರಗಟ್ಟಲೆ ಔಷಧಿ ಅಂಗಡಿಯವನ ತಲೆ ತಿಂದ.

ಇವನೂ ಅದೇ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದಾಗ ಅಲ್ಲಿ ಮೈ ತಿಕ್ಕುವ ಮಸಾಜ್ ಕುರ್ಚಿಯ ದೊಡ್ಡ ಕಂಪನಿಯೊಂದು ಇದೇ ಪ್ರಶ್ನೆ ಹಿಡಿದು ಮೊದಲೇ ನಿಂತಿತ್ತು. ಇವನ ಕಡತವನ್ನು ಅದರ ಬೆನ್ನಿಗೆ ಕಟ್ಟಿದರು.

"ಲಾರಿಗೆ ಹಗ್ಗ ಕಟ್ಟಿದ ಸೈಕಲ್ ನಿಮ್ಮದು," ಎಂದಿದ್ದರು ಆಗಿನ ವಕೀಲರು, ಈ ವಕೀಲೆಯ ತಂದೆ. "ಲಾರಿ ನಿಂತ್ರೆ ನೀವೂ ನಿಲ್ಲಬೇಕು."

"ಲಾರಿ ಹಳ್ಳಕ್ಕೆ ಬಿದ್ರೆ?"

"ಬೀಳದೆ ಇರಲಿ ಅಂತ ಆಸೆಪಡಿ."

ಲಾರಿ ವರ್ಷಗಟ್ಟಲೆ ನಿಂತಲ್ಲೇ ನಿಂತಿತ್ತು. ಸುಂಕ ಹೆಚ್ಚಾದ್ದರಿಂದ ಅಂಥ ಕುರ್ಚಿ ಮತ್ತೆ ತರಿಸಲಾಗಲಿಲ್ಲ. ಅಂಗಡಿ ಸಣ್ಣದಾಯಿತು, ಸೀಲಿನ ಕುರ್ಚಿ ಮನೆಯಲ್ಲೇ ಉಳಿಯಿತು. ವರ್ಷಕ್ಕೊಮ್ಮೆ ಅಧಿಕಾರಿ ಬಂದು ತಂತಿ ಎಳೆದು ನೋಡಿ, ಮುದ್ರೆಯ ಮೇಲಿನ ನಂಬರು ಓದಿ, "ಸರಿಯಿದೆ" ಎಂದು ಬರೆದುಕೊಂಡು ಹೋಗುವುದು ನಿಯಮ. ಮೊದಲ ವರ್ಷ ಅವರು ನೀರೂ ಕುಡಿಯಲಿಲ್ಲ. ಮೂರನೆಯ ವರ್ಷ ಚಹಾ ಕುಡಿದರು. ಆಮೇಲೆ ಬಂದರೆ ಸಂಜೆಯವರೆಗೆ ಕೂರುತ್ತಿದ್ದರು. ಕುರ್ಚಿಯಣ್ಣ ತನ್ನ ಗಿರಾಕಿಗಳ ಕತೆ ಹೇಳುತ್ತಿದ್ದ, ಮಗಳ ಮದುವೆಯ ಚಿಂತೆ ಹೇಳುತ್ತಿದ್ದ.

"ಸುಂಕದವನ ಹತ್ರ ಸುಖದುಃಖ ಹೇಳ್ಕೊಂಡ್ರೆ ಏನು ಬಂತು ಅಂತಾರೆ," ಎಂದು ಹೆಂಡತಿ ಒಳಗೆ ಪಾತ್ರೆ ತೊಳೆಯುತ್ತ ಗೊಣಗಿದ್ದು ಒಮ್ಮೆ ಹೊರಗೆ ಕೇಳಿಸಿಬಿಟ್ಟಿತು.

"ಹೇಳಲಿ ಬಿಡಿ ಅಮ್ಮ," ಎಂದರು ಸಾಹೇಬರು ಅಲ್ಲಿಂದಲೇ. "ಕೇಳಿಸಿಕೊಳ್ಳೋಕೆ ಸುಂಕ ಇಲ್ಲ."

ನಿವೃತ್ತರಾದ ಮೇಲೂ ಅವರು ಬರುತ್ತಿದ್ದರು. ಒಮ್ಮೆ ಚಹಾದ ಲೋಟ ಕೆಳಗಿಡುತ್ತ ಕೇಳಿದ್ದರು: "ಅದು ನಿಜವಾಗ್ಲೂ ಎಬ್ಬಿಸುತ್ತಾ?"

"ತೀರ್ಪು ಬರಲಿ. ನಿಮ್ಮನ್ನೇ ಕೂರಿಸಿ ತೋರಿಸ್ತೀನಿ."

"ನನ್ನ ಮಂಡಿ ಇನ್ನೂ ಗಟ್ಟಿ ಇದೆ ಮಹರಾಯ."

ಈ ವರ್ಷ ಕುರ್ಚಿಯಣ್ಣನಿಗೇ ಹಾಸಿಗೆಯಿಂದ ಏಳಲು ಇಬ್ಬರು ಬೇಕಾದರು. ಅಪ್ಪನ ಕಂಕುಳಿಗೆ ಕೈ ಕೊಟ್ಟು ಎತ್ತುವಾಗ ಮಗಳು ಕೇಳಿದಳು: "ಅದನ್ನ ಬಿಚ್ಚೋಣ ಅಪ್ಪ. ಯಾರು ನೋಡ್ತಾರೆ?"

"ಯಾರೂ ನೋಡದಿದ್ರೂ ಸೀಲ್ ಸೀಲೇ," ಎಂದ. ಉಸಿರು ತೆಗೆದುಕೊಂಡು ಮತ್ತೆ ಅಂದ: "ಇಷ್ಟು ವರ್ಷ ಕಾದಿದೀನಿ. ನನಗೋಸ್ಕರ ಬಿಚ್ಚಬೇಡ."

ಲಾರಿ ಕೊನೆಗೂ ಹೊರಟಿತು. ಮಸಾಜ್ ಕುರ್ಚಿಯ ಕಂಪನಿ ಗೆಲ್ಲಲಿಲ್ಲ, ಆದರೆ ಅದಕ್ಕೆ ಕೊಟ್ಟ ತೀರ್ಪಿನಲ್ಲಿ ಇವನು ಗೆದ್ದ. ವಸ್ತು ಹೇಗೆ ಕಾಣುತ್ತದೆಂದು ಕೇಳಬೇಡಿ, ಅದು ಮುಖ್ಯವಾಗಿ ಯಾವ ಕೆಲಸ ಮಾಡಲು ಇದೆ ಎಂದು ನೋಡಿ ಎಂದಿತು ಕೋರ್ಟು. ಮಸಾಜ್ ಕುರ್ಚಿ ಮುಖ್ಯವಾಗಿ ಕೂರಲಿಕ್ಕೆ, ಇವನದು ಏಳಲಿಕ್ಕೆ. ಬೆನ್ನಿಗೆ ಕಟ್ಟಿದ್ದ ಕಡತಗಳನ್ನೆಲ್ಲ ಮಾಲು ಮತ್ತೆ ನೋಡುವಂತೆ ವಾಪಸು ಕಳಿಸಿತು. ವಕೀಲೆ ಹಾಸಿಗೆಯ ಪಕ್ಕ ಕೂತು ಇದನ್ನೆಲ್ಲ ಬಿಡಿಸಿ ಹೇಳಿದಳು.

"ಹಾಗಾದ್ರೆ ಪ್ಲಗ್ ಹಾಕಬಹುದಾ?" ಎಂದು ಕೇಳಿದ ಕುರ್ಚಿಯಣ್ಣ.

"ಇನ್ನೂ ಇಲ್ಲ ಸರ್. ಅವರು ಬಂದು ನೋಡಬೇಕು. ಬರೋ ತಿಂಗಳು."

ಅವನು ನಕ್ಕ. ನಗು ಕೆಮ್ಮಾಗಿ ಬಹಳ ಹೊತ್ತು ನಿಲ್ಲಲಿಲ್ಲ.

*

ವ್ಯಾನು ಬರುವುದಕ್ಕೂ ಅಕ್ಕನ ಕಾರು ಬರುವುದಕ್ಕೂ ಸರಿಹೋಯಿತು. ಊರಿಂದ ಇಷ್ಟು ದೂರ ಕೂತು ಬಂದವಳು ಅಳಿಯನ ಒಂದು ತೋಳು, ಔಷಧಿ ಅಂಗಡಿಯವನ ಒಂದು ತೋಳು ಹಿಡಿದು, ಒಂದೊಂದೇ ಮೆಟ್ಟಿಲು ಹತ್ತಿ ಬಾಗಿಲು ಸೇರಿದಳು. ಅವಳು ಈ ಮನೆಯ ಮೆಟ್ಟಿಲು ಹತ್ತದೆ ಬಹಳ ವರ್ಷಗಳಾಗಿದ್ದವು. ತಮ್ಮನೇ ಅವಳಲ್ಲಿಗೆ ಹೋಗುತ್ತಿದ್ದ.

"ಕೂರಿಸ್ರಪ್ಪ," ಎಂದಳು ಬಾಗಿಲಲ್ಲೇ. "ಕೂರಿಸಿ, ಇಲ್ಲಾ ಬೀಳ್ತೀನಿ."

ಸೋಫಾ ದೂರವಿತ್ತು, ತರಿಸಿದ ಕುರ್ಚಿಗಳೆಲ್ಲ ಒಳಗೆ ಜನರ ನಡುವೆ ಸಿಕ್ಕಿಕೊಂಡಿದ್ದವು. ಅಳಿಯ ಸುತ್ತ ನೋಡಿ, ಪಕ್ಕದಲ್ಲೇ ಇದ್ದ ಸೀಲಿನ ಕುರ್ಚಿಯ ಮೇಲೆ, ಪ್ಲಾಸ್ಟಿಕ್ಕಿನ ಸಮೇತ, ಅವಳನ್ನು ಕೂರಿಸಿಬಿಟ್ಟ. ಪ್ಲಾಸ್ಟಿಕ್ ಸದ್ದು ಮಾಡಿತು. ಎಲ್ಲರ ಕಣ್ಣೂ ಸಾಹೇಬರ ಕಡೆ ಹೋಯಿತು.

"ಕೂರಬಾರದು ಅಂತ ಎಲ್ಲೂ ಬರೆದಿಲ್ಲ," ಎಂದರು ಅವರು.

ಅಕ್ಕ ಉಸಿರು ಸುಧಾರಿಸಿಕೊಂಡಳು. ಎರಡೂ ತೋಳಿನ ಮೇಲೆ ಕೈ ಸವರಿದಳು. "ಎಲ್ಲಿ ಹೋದ್ರೂ ನನ್ನನ್ನ ಕುರ್ಚಿಗೆ ತುರುಕಬೇಕು. ಇದು ನೋಡು, ಅಳತೆ ಕೊಟ್ಟು ಮಾಡಿಸಿದ ಹಾಗಿದೆ."

ಪೆಟ್ಟಿಗೆಯ ಪಕ್ಕದಲ್ಲಿದ್ದ ಹೆಂಡತಿ ತಿರುಗಿ ನೋಡಿದಳು.

"ಮುಖ ತೋರಿಸ್ರೋ ನನಗೆ," ಎಂದಳು ಅಕ್ಕ. ಅವಳು ಕೂತಲ್ಲಿಂದ ಕಾಣುತ್ತಿದ್ದದ್ದು ಬರೀ ಪೆಟ್ಟಿಗೆಯ ಪಕ್ಕದ ಹಲಗೆ.

ಅಳಿಯ, ಔಷಧಿ ಅಂಗಡಿಯವನು ಮತ್ತೆ ಕೈ ಕೊಟ್ಟರು. ಅರ್ಧ ಎತ್ತುವಷ್ಟರಲ್ಲಿ ಅವಳು ಹಲ್ಲು ಕಚ್ಚಿ ನರಳಿದಳು. ಕೆಳಗಿಳಿಸಿದರು. ಇನ್ನೂ ಇಬ್ಬರು ಬಂದರು.

"ಮುಟ್ಟಬೇಡಿ." ಅವಳ ಹಣೆಯಲ್ಲಿ ಬೆವರು ಮೂಡಿತ್ತು. "ನಾಲ್ಕು ಜನ ಸೇರಿ ಮೂಟೆ ತರ ಎತ್ತಬೇಡಿ, ಅವನ ಮುಂದೆ. ಅವನನ್ನ ಎತ್ತಿ ಆಡಿಸಿದವಳು ನಾನು."

"ಪೆಟ್ಟಿಗೇನೇ ಇಲ್ಲಿಗೆ ತಂದು ಇಳಿಸೋಣ ಅತ್ತೆ," ಎಂದಳು ಮಗಳು.

"ಬೇಡ ಕಣೇ. ಮಲಗಿರೋನನ್ನ ನೆಲಕ್ಕೆ ಎಳೀಬೇಡ. ಎದ್ದು ಹೋಗಿ ನೋಡಬೇಕಾದವಳು ನಾನು. ಆಗಲ್ಲ ಅಂದ್ರೆ ಆಗಲ್ಲ. ಇಲ್ಲೇ ಕೂತು ಹಲಗೆ ನೋಡ್ತೀನಿ. ತಗೊಂಡು ಹೋಗಿ."

ಹೊರಗೆ ವ್ಯಾನಿನ ಚಾಲಕ ಒಮ್ಮೆ ಸಣ್ಣಗೆ ಹಾರನ್ನು ಒತ್ತಿ ನಿಲ್ಲಿಸಿದ.

ಹೆಂಡತಿ ಒಳಗೆ ಹೋದಳು. ಗಂಡನ ಸಾಮಾನಿನ ಡಬ್ಬಿಯಲ್ಲಿ ಕೈಯಾಡಿಸುವ ಸದ್ದು ಕೇಳಿಸಿತು. ಹೊರಗೆ ಬಂದಾಗ ಕೈಯಲ್ಲಿ ತಂತಿ ಕತ್ತರಿಸುವ ಇಕ್ಕಳ ಇತ್ತು.

ಮಗಳಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅವಳು ಕುರ್ಚಿಗೆ ಅಡ್ಡ ನಿಂತಳು.

"ಅಮ್ಮ, ಬೇಡ. ಅಪ್ಪ ತಾನೇ ಕೂರಲಿಲ್ಲ ಇದರಲ್ಲಿ. ಕೊನೇ ದಿನದವರೆಗೂ ನಾನು ಅವರನ್ನ ಎತ್ತಿ ಇಳಿಸಿದೀನಿ, ನೋಡಿದೀಯಲ್ಲ. ಈಗ ಬಿಚ್ಚಿಬಿಟ್ರೆ ಅವರು ಪಟ್ಟ ಪಾಡೆಲ್ಲ ಏನಾಯ್ತು?"

"ಅದು ಅವರ ಕುರ್ಚಿ ಅಲ್ಲ ಕಣೇ," ಎಂದಳು ತಾಯಿ. "ನಿಮ್ಮತ್ತೇದು. ಮೊದಲಿಂದಾನೂ."

ಮಗಳು ಅತ್ತೆಯನ್ನು ನೋಡಿದಳು, ಅವಳ ಎರಡೂ ಪಕ್ಕಕ್ಕೆ ಸರಿಯಾಗಿ ಕೂತಿದ್ದ ಕುರ್ಚಿಯ ತೋಳುಗಳನ್ನು ನೋಡಿದಳು.

ವಕೀಲೆ ಮುಂದೆ ಬಂದಳು. "ಅಮ್ಮ, ಇನ್ನು ಒಂದೇ ತಿಂಗಳು. ಗೆದ್ದ ಕೇಸು ಇದು. ಇವತ್ತು ಕತ್ತರಿಸಿದ್ರೆ ನಾನು ಅಲ್ಲಿ ಏನು ಹೇಳಲಿ?"

"ಆ ದೊಡ್ಡ ಕೋರ್ಟು ಏನಂದಿತ್ತು, ಇನ್ನೊಂದ್ಸಲ ಹೇಳಮ್ಮ."

"ವಸ್ತು ಹೇಗೆ ಕಾಣುತ್ತೆ ಅನ್ನೋದಲ್ಲ, ಏನು ಕೆಲಸ ಮಾಡುತ್ತೆ ನೋಡಿ ಅಂತ."

"ಇಷ್ಟು ವರ್ಷದಲ್ಲಿ ಯಾರಾದ್ರೂ ನೋಡಿದಾರಾ?"

ವಕೀಲೆ ಗೋಡೆಗೆ ಒರಗಿದ್ದ ಸಾಹೇಬರ ಕಡೆ ನೋಡಿದಳು.

"ಮನೆ ಹೋಗಬಹುದು ಅಂದೆಯಲ್ಲ, ನೆನಪಿದೆ. ಹೋದ್ರೆ ಬಾಡಿಗೆ ಮನೆ ಇರುತ್ತೆ. ಅತ್ತಿಗೆಗೆ ಇವರ ಮುಖ ಇನ್ನೊಂದು ತಿಂಗಳು ಬಿಟ್ಟು ತೋರಿಸೋಕಾಗಲ್ಲ."

ಮಗಳು ಮೆಲ್ಲಗೆ ಪಕ್ಕಕ್ಕೆ ಸರಿದಳು.

"ತಡೀರಿ," ಎಂದರು ಗೋಡೆಯ ಬಳಿಯಿಂದ ಸೀಲ್ ಸಾಹೇಬರು.

ಅವರು ಜನರ ನಡುವೆ ದಾರಿ ಮಾಡಿಕೊಂಡು ಬಂದರು. ಗೋಡೆ ಹಿಡಿದು, ಒಂದು ಮಂಡಿ, ಆಮೇಲೆ ಇನ್ನೊಂದು, ನೆಲಕ್ಕೆ ಊರಿದರು. ಕನ್ನಡಕ ಏರಿಸಿ, ತಂತಿ ಎಳೆದು ನೋಡಿ, ಮುದ್ರೆಯ ಮೇಲಿನ ನಂಬರನ್ನು ಪ್ರತಿ ವರ್ಷದಂತೆ ದೊಡ್ಡದಾಗಿ ಓದಿದರು.

"ಸರಿಯಿದೆ," ಎಂದರು.

"ನಿಮ್ಮ ಮಾತು ಈಗ ಅಲ್ಲಿ ನಡೆಯಲ್ಲ ಸರ್," ಎಂದಳು ವಕೀಲೆ, ಮೆದುವಾಗಿ. ಆದರೂ ಫೋನು ತೆಗೆದು ಮುದ್ರೆಯ ಒಂದು ಚಿತ್ರ ಹಿಡಿದಳು.

"ಗೊತ್ತಮ್ಮ." ಸಾಹೇಬರು ಎರಡು ಬೆರಳಿಂದ ತಂತಿಯನ್ನು ಮೇಲೆತ್ತಿ ಇಕ್ಕಳಕ್ಕೆ ಜಾಗ ಮಾಡಿಕೊಟ್ಟರು.

ಒಂದು ಸಣ್ಣ ಸದ್ದು. ತಂತಿ ಸಡಿಲವಾಯಿತು. ಕುರ್ಚಿಯ ಬೆನ್ನಿಗೆ ಸುತ್ತಿ ಕಟ್ಟಿದ್ದ ಕರೆಂಟಿನ ವೈರು ಬಿಚ್ಚಿಕೊಂಡು ಬಿತ್ತು. ಅಳಿಯ ಅದರ ಪ್ಲಗ್ಗನ್ನು ಹಿಡಿದು ಸಾಕೆಟ್ಟಿನ ಕಡೆ ನೋಡಿದ. ಅಡಾಪ್ಟರ್ ಅಲ್ಲೇ ಇತ್ತು, ಧೂಳಿಲ್ಲದೆ.

"ಏನ್ರೇ ಮಾಡ್ತಿದೀರಾ ನನಗೆ?" ಎಂದಳು ಅಕ್ಕ.

"ಏನಿಲ್ಲ ಅತ್ತಿಗೆ. ತೋಳು ಗಟ್ಟಿಯಾಗಿ ಹಿಡ್ಕೊಳ್ಳಿ." ಹೆಂಡತಿ ಪ್ಲಾಸ್ಟಿಕ್ಕನ್ನು ಪಕ್ಕದಲ್ಲಿ ಸೀಳಿ, ಬಟನ್ನಿನ ಡಬ್ಬಿಯನ್ನು ಹೊರಗೆಳೆದು, ಮೇಲಿನ ಗುಂಡಿ ಒತ್ತಿದಳು.

ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದಳು. ಒಳಗೆಲ್ಲೋ ಗುಂಯ್ ಎಂದಿತು, ಹಳೆಯ ಗ್ರೀಸಿನ ವಾಸನೆ ಬಂತು, ನಿಂತಿತು. ಔಷಧಿ ಅಂಗಡಿಯವನು ಕಣ್ಣು ಮುಚ್ಚಿಕೊಂಡ. ಮೂರನೆಯ ಸಲ ಅವಳು ಬೆರಳು ತೆಗೆಯಲೇ ಇಲ್ಲ.

ಕುರ್ಚಿ ಒಮ್ಮೆ ಅದುರಿ ಏಳತೊಡಗಿತು. ಅವಸರವೇ ಇಲ್ಲ ಎನ್ನುವಂತೆ. ಅಕ್ಕನ ಬೆನ್ನು ನೆಟ್ಟಗಾಯಿತು. ಮಂಡಿಗಳು ಬಿಚ್ಚಿಕೊಂಡವು. ಅವಳ ಬಾಯಿಂದ ನರಳಿಕೆ ಬರುತ್ತದೆಂದು ಕಾದವರಿಗೆ ಅದು ಕೇಳಿಸಲಿಲ್ಲ. ಪಾದಗಳು ನೆಲದ ಮೇಲೆ ಚಪ್ಪಟೆಯಾಗಿ ಊರಿದವು. ಸದ್ದು ನಿಂತಾಗ ಅವಳು ನಿಂತಿದ್ದಳು. ಯಾರ ಕೈಯೂ ಅವಳ ಮೇಲಿರಲಿಲ್ಲ.

ಯಾರೋ ವಾಕರು ತಂದು ಮುಂದಿಟ್ಟರು. ಅವಳು ಅದನ್ನು ತಳ್ಳಿಕೊಂಡು, ಜನ ಬಿಟ್ಟ ದಾರಿಯಲ್ಲಿ, ಮೇಜಿನವರೆಗೆ ತಾನೇ ನಡೆದಳು. ಪೆಟ್ಟಿಗೆಯ ಅಂಚು ಹಿಡಿದು ಮೇಲಿನಿಂದ ತಮ್ಮನ ಮುಖ ನೋಡಿದಳು.

"ಕಾಲರ್ ಮಡಚಿದೆ," ಎಂದು ಸರಿಮಾಡಿದಳು.

ಹೆಂಡತಿ ಪಕ್ಕದಲ್ಲಿ ಬಂದು ನಿಂತಳು. "ಸೋಫಾಗೆ ಅಂತ ಅಳತೆ ತಗೊಂಡಿದ್ರಲ್ಲ ಅತ್ತಿಗೆ. ಅದೇ ಅದು."

ಅಕ್ಕ ತಿರುಗಿ ಬಾಗಿಲ ಬಳಿಯ ಕುರ್ಚಿ ನೋಡಿದಳು. ಅವಳ ಕೈ ತಮ್ಮನ ಕಾಲರಿನ ಮೇಲೇ ಇತ್ತು.

"ಆ ಸೋಫಾ ಎಲ್ಲೋ, ಎಲ್ಲೋ ಅಂತ ಬಂದಾಗಲೆಲ್ಲ ಬೈದಿದೀನಿ ಇವನಿಗೆ," ಎಂದಳು. "ಬಾಯಿ ಬಿಡಲಿಲ್ಲ ಕಳ್ಳ."

ಆಮೇಲೆ ಪೆಟ್ಟಿಗೆ ಮುಚ್ಚಿದರು. ಹೊರುವವರು ಬಂದರು. ಈ ಸಲ ದಾರಿ ಅಗಲವಾಗಿತ್ತು. ಮೇಲೆದ್ದ ಕುರ್ಚಿಯ ಪಾದದ ಹಲಗೆ ಒಳಕ್ಕೆ ಮಡಚಿಕೊಂಡಿತ್ತು. ಯಾರೂ ಎಡಕ್ಕೆ ಬಲಕ್ಕೆ ಅನ್ನಬೇಕಾಗಲಿಲ್ಲ. ಅಕ್ಕ ವಾಕರು ಹಿಡಿದು ಹಿಂದೆ ನಡೆದಳು, ಅವಳ ಹಿಂದೆ ಮಗಳು.

ಸೀಲ್ ಸಾಹೇಬರು ಇನ್ನೂ ನೆಲದ ಮೇಲೇ ಇದ್ದರು. ಏಳಲು ನೋಡಿದರು, ಆಗಲಿಲ್ಲ. ಕೈ ಚಾಚಿ ಕುರ್ಚಿಯ ತೋಳು ಹಿಡಿದು, ಭಾರ ಹಾಕಿ, ಮೆಲ್ಲಗೆ ಎದ್ದರು. ಹಿಡಿದ ಕೈಯನ್ನು ಕೂಡಲೇ ತೆಗೆಯಲಿಲ್ಲ.

ಅಳಿಯ ಹೊರಡುವ ಮೊದಲು ಕೆಳಗಿನ ಗುಂಡಿ ಒತ್ತಲು ಬಗ್ಗಿದ.

"ಇರಲಿ ಬಿಡಿ," ಎಂದಳು ಹೆಂಡತಿ, ಚಪ್ಪಲಿ ಹಾಕಿಕೊಳ್ಳುತ್ತ.

ಮೆಟ್ಟಿಲ ಮೇಲೆ ಹೆಜ್ಜೆಗಳು ಇಳಿದವು. ವ್ಯಾನಿನ ಬಾಗಿಲು ಹಾಕಿಕೊಂಡಿತು. ಖಾಲಿ ನಡುಮನೆಯಲ್ಲಿ, ಬಿದ್ದ ಪ್ಲಾಸ್ಟಿಕ್ಕಿನ ನಡುವೆ, ಕುರ್ಚಿ ತೆರೆದ ಬಾಗಿಲ ಕಡೆ ಬಾಗಿ, ಯಾರನ್ನೋ ಕಳಿಸಿಕೊಡಲು ಎದ್ದವರಂತೆ ನಿಂತಿತ್ತು.